ಇಪ್ಪತ್ತೇಳು ಡಿಗ್ರಿಯಲ್ಲಿ ಸರಿ ಇದೆ

ನಿಟ್ಟುವಳ್ಳಿ, ದಾವಣಗೆರೆ
21 ಏಪ್ರಿಲ್ 2025, ಸೋಮವಾರ ಸಂಜೆ

ನಿಂಗರಾಜ್ ಅವರಿಗೆ,

ಬಿಂದು ಮಾಡುವ ನಮಸ್ಕಾರ. ‘ಅವರಿಗೆ’ ಎಂದು ಬರೆದಿದ್ದಕ್ಕೆ ನಗಬೇಡಿ. ಎಂಟು ತಿಂಗಳಿಂದ ಹರಿಹರದ ನಿಮ್ಮ ಅವ್ವನ ಮನೆಯಲ್ಲಿ ಕೂತು, ನನ್ನ ನಂಬರ್ ಬ್ಲಾಕ್ ಮಾಡಿಕೊಂಡಿರುವ ಗಂಡನನ್ನು ಇನ್ನು ಹೇಗೆ ಕರೆಯಬೇಕೋ ನನಗೆ ತಿಳಿಯದು. ನಮ್ಮ ಜಗಳದ ವಿಷಯ ಈ ಕಾಗದದಲ್ಲಿಲ್ಲ. ದಯವಿಟ್ಟು ಪೂರ್ತಿ ಓದಿ.

ಹೋದ ತಿಂಗಳು ನಿಮ್ಮ ಫ್ಯಾಕ್ಟರಿಯಲ್ಲಿ ನಿಮ್ಮ ಶೆಡ್ಡಿನ ಇಪ್ಪತ್ತು ಜನಕ್ಕೆ ಜೇಬಿಗೆ ಸಿಕ್ಕಿಸುವ ಗ್ಯಾಸ್ ಅಲಾರಂ ಕೊಟ್ಟಿದ್ದಾರಲ್ಲ, ಅದರೊಳಗಿನ ಚಿಪ್ ನಮ್ಮ ಆಫೀಸಿನದು. ವಿಷಗಾಳಿ ಸುಳಿದರೆ ಅದು ಕೂಗಬೇಕು. ಬುಧವಾರ ನೀವೆಲ್ಲ ದೊಡ್ಡ ಟ್ಯಾಂಕಿನೊಳಗೆ ಇಳಿದು ತೊಳೆಯುತ್ತೀರಿ ಎಂದು ಅಲ್ಲಿಂದ ನಮ್ಮ ಆಫೀಸಿಗೆ ಬಂದ ಪತ್ರದಲ್ಲಿ ಓದಿದೆ. ಆ ಅಲಾರಂ ನಂಬಿ ಇಳಿಯಬೇಡಿ.

ನಮ್ಮಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವ ಮುಮ್ತಾಜ್, ಬ್ಯಾಟರಿ ಬದಲಿಸಲು ಬಂದಿದ್ದ ಒಂದು ಅಲಾರಂ ಅನ್ನು ಇವತ್ತು ಸ್ಕೂಟಿ ಸೀಟಿನ ಮೇಲೆ ಮರೆತು ಊಟಕ್ಕೆ ಹೋಗಿದ್ದಳು. ಈ ಊರಿನ ಏಪ್ರಿಲ್ ಬಿಸಿಲು ನಿಮಗೆ ಹೇಳಬೇಕಿಲ್ಲ. ಬಂದು ಸದ್ದು ಪರೀಕ್ಷಿಸುವ ಗುಂಡಿ ಒತ್ತಿದರೆ ಹಸಿರು ದೀಪ ಉರಿಯಿತು, ಸದ್ದು ಬರಲಿಲ್ಲ. ‘ಅಕ್ಕಾ, ಇದ್ರ ಬಾಯಿ ಬಿದ್ದೋಗೈತೆ ನೋಡ್ರಿ’ ಎಂದು ನಗುತ್ತಾ ತಂದಳು. ಹತ್ತು ನಿಮಿಷ ಫ್ಯಾನಿನ ಕೆಳಗಿಟ್ಟೆವು. ಮತ್ತೆ ಒತ್ತಿದರೆ ಕಿವಿ ಕಿತ್ತುಹೋಗುವಂತೆ ಕೂಗಿತು. ಅವಳ ನಗು ನಿಂತಿತು.

ಚಿಪ್ಪಿನೊಳಗೆ, ಕೂಗುವ ಬಜರ್‌ಗೆ ಕರೆಂಟ್ ಬಿಡುವ ಒಂದು ಟ್ರಾನ್ಸಿಸ್ಟರ್ ಇದೆ. ಕಾಲುವೆಯ ತೂಬಿನ ಹಾಗೆ, ಅಗಲ ಇದ್ದಷ್ಟು ಹರಿವು. ಆ ಅಗಲ ಎಷ್ಟಿರಬೇಕೆಂದು ಗೊತ್ತು ಮಾಡುವುದೇ ನನ್ನ ಕೆಲಸ. ಬಿಸಿಯಾದರೆ ಅದೇ ಅಗಲದಲ್ಲಿ ಕರೆಂಟ್ ಕಡಿಮೆ ಹರಿಯುತ್ತದೆ, ಅದಕ್ಕೇ ಮೊದಲೇ ಹೆಚ್ಚು ಇಡಬೇಕು. ನಾಲ್ಕು ಸಾವಿರ ಮೈಕ್ರಾನ್ ಇಟ್ಟಿದ್ದೆ. ಚಿಪ್ಪಿನಲ್ಲಿ ಜಾಗ ಸಾಲದೆ ಎರಡೂವರೆ ಸಾವಿರಕ್ಕೆ ಇಳಿಸಿದೆ. ಜಾಗ ಕೊಡದಿದ್ದವರು ನಮ್ಮ ಮ್ಯಾನೇಜರ್ ಅಂಜನ್.

ಇಲ್ಲ, ಇಷ್ಟಕ್ಕೇ ನಿಲ್ಲಿಸಿದರೆ ಸುಳ್ಳಾಗುತ್ತದೆ. ಇಳಿಸಿದ ಮೇಲೆ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿದೆ, ಸರಿ ಬಂತು. ನಾವು ಬದಲಿಸದಿದ್ದರೆ ಆ ಸಾಫ್ಟ್‌ವೇರ್ ಲೋಕವೆಲ್ಲ ಇಪ್ಪತ್ತೇಳು ಡಿಗ್ರಿ ಎಂದೇ ತಿಳಿಯುತ್ತದೆ. ನಾನೂ ಬದಲಿಸಲಿಲ್ಲ. ಬೇಸಿಗೆಯಲ್ಲಿ ಒದ್ದೆ ಟವೆಲ್ ಹೊದ್ದು ಮಲಗಿ ಬೆಳೆದ ದಾವಣಗೆರೆಯ ಹುಡುಗಿಗೆ ಅಷ್ಟೂ ಹೊಳೆಯಲಿಲ್ಲ ನೋಡಿ. ಹೊಳೆಯಲಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಕೊನೆಗೆ ತುಂಬುವ ಫಾರಂನಲ್ಲಿ, ಎಪ್ಪತ್ತು ಡಿಗ್ರಿಯಲ್ಲಿ ಪರೀಕ್ಷಿಸಿದ್ದೀರಾ ಎಂದು ಕೇಳುವ ಕಾಲಂ ಒಂದಿತ್ತು. ಪರೀಕ್ಷಿಸದೆಯೇ ‘ಸರಿ ಇದೆ’ ಎಂದು ಬರೆದು ಸಹಿ ಹಾಕಿದೆ. ಅದು ನೀವು ಬಟ್ಟೆಚೀಲ ಹಿಡಿದು ಮನೆಬಿಟ್ಟ ದಿನ, ಮನಸ್ಸು ಸರಿ ಇರಲಿಲ್ಲ ಎಂದು ಬರೆಯೋಣ ಎನಿಸಿತು. ಆದರೆ ಸಹಿ ಹಾಕಿದ್ದು ಅದಕ್ಕೂ ಮೂರು ದಿನ ಮೊದಲು. ಬೇಗ ಮುಗಿಸುವ ಆತುರ, ಅಷ್ಟೇ.

ಅಂಜನ್ ಅವರು ‘ನಾಳೆ ಓವನ್ನಿನಾಗೆ ಇಟ್ಟು ನೋಡಾಣ, ಅಲ್ಲೀತಂಕ ಯಾರಿಗೂ ಹೇಳಬ್ಯಾಡ್ರಿ’ ಎಂದರು. ನಾನು ಕೇಳಲಿಲ್ಲ. ನಿಮ್ಮ ಫ್ಯಾಕ್ಟರಿಗೆ ಫೋನ್ ಮಾಡಿದೆ. ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಬರೆದು ಕಳಿಸಿ ಎಂದು ಇಟ್ಟುಬಿಟ್ಟರು. ಅತ್ತೆಯ ಫೋನ್ ಸ್ವಿಚ್ ಆಫ್. ನಾಳೆ ಬೆಳಿಗ್ಗೆಯೇ ಬಸ್ ಹತ್ತಿ ಬರುತ್ತೇನೆ. ಹೋದ ಸಲದಂತೆ ಬಾಗಿಲು ಹಾಕಿಕೊಂಡರೆ ಕಿಟಕಿಯಿಂದ ಈ ಕಾಗದ ಎಸೆದು ಹೋಗುತ್ತೇನೆ.

ಆ ಗಾಳಿ ಹೆಚ್ಚಾದರೆ ಮೂಗಿಗೆ ವಾಸನೆಯೂ ಗೊತ್ತಾಗುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಿ. ನಿಮ್ಮ ಶೆಡ್ಡಿನ ಕಾವು ಸ್ಕೂಟಿ ಸೀಟಿಗಿಂತ ಕಡಿಮೆಯೇನಲ್ಲ. ದೀಪ ಉರಿದರೂ ನಂಬಬೇಡಿ, ಉಳಿದವರಿಗೂ ಹೇಳಿ. ನನ್ನ ಮೇಲಿನ ಸಿಟ್ಟು ಎಷ್ಟಾದರೂ ಇರಲಿ, ನೀವು ಇರಬೇಕು.

ಇಂತಿ,
ಬಿಂದು

ತಾ.ಕ.: ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆ. ನಿಮ್ಮ ಫ್ಯಾಕ್ಟರಿಯ ಗೇಟಿನಲ್ಲಿ ನಿಂತು ಬರೆಯುತ್ತಿದ್ದೇನೆ. ಟ್ಯಾಂಕಿನ ಕೆಲಸ ಇವತ್ತಿಗೇ ಇಟ್ಟುಕೊಂಡಿದ್ದಾರೆ ಎಂದು ಮನೆಗೆ ಹೋದಾಗ ಅತ್ತೆ ಹೇಳಿದರು. ನನ್ನನ್ನು ಒಳಗೆ ಬಿಡುತ್ತಿಲ್ಲ. ವಾಚ್‌ಮನ್ ದುರುಗಣ್ಣ ನಿಮ್ಮ ಶೆಡ್ಡಿಗೆ ಮೂರು ಸಲ ಫೋನ್ ಮಾಡಿದ, ಯಾರೂ ಎತ್ತುತ್ತಿಲ್ಲ. ‘ಕಾಗದ ಕೊಡ್ರಿ, ನಾನಾ ಓಡಿ ಕೊಟ್ಟು ಬರ್ತೀನಿ’ ಎಂದು ಕೈ ಚಾಚಿ ನಿಂತಿದ್ದಾನೆ. ವಿಷಗಾಳಿ ಅಳೆಯುವ ಹಳೇ ಮೀಟರನ್ನೂ ಒಯ್ಯಪ್ಪ ಎಂದು ಬೆಳಿಗ್ಗೆ ಮನೆಯಲ್ಲಿ ಅತ್ತೆ ಎಷ್ಟು ಹೇಳಿದರೂ, ನೀವು ‘ಬ್ಯಾಡ ಬಿಡವ್ವ, ಇದು ಬಿಂದು ಮಾಡಿದ್ದು, ಅವಳ ಲೆಕ್ಕ ಯಾವತ್ತೂ ತಪ್ಪಲ್ಲ’ ಅಂದು ಹೊರಟಿರಂತೆ. ತಪ್ಪಿದೆ ರೀ. ಹೊರಗೆ ಬನ್ನಿ.