ಕಣ್ಣೊಳಗಿನ ನೀರುದಾರಿ

ಕಣ್ಣಾಸ್ಪತ್ರೆಯ ಸ್ಕ್ಯಾನ್ ಕೋಣೆ,
ಹದಿನಾಲ್ಕನೇ ತಾರೀಕು, ಊಟದ ಬಿಡುವು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟನೋವು ಇಳಿಯಿತೇ? ಅತ್ತಿಗೆಯ ಕೆಮ್ಮು? ಅಪ್ಪ ಇಲ್ಲಿ ಆರಾಮಾಗಿದ್ದಾರೆ. ಗೋಡೆ ಸವರಿಕೊಂಡೇ ಅಡುಗೆಮನೆಗೆ ಬಂದು, ಕಾಫಿಗೆ ಎಷ್ಟು ಸಕ್ಕರೆ ಹಾಕಿದೆ ಎಂದು ತನಿಖೆ ಮಾಡುತ್ತಾರೆ. ಈ ಕಾಗದ ಬರೆಯುತ್ತಿರುವುದು ಮೂರನೇ ಸಲ, ಎರಡು ಹಾಳೆ ಹರಿದು ಬಿಸಾಕಿದೆ. ಬಸ್ಸಿನ ಸ್ಟೇರಿಂಗ್ ಹಿಡಿದವನಿಗೆ ಫೋನಿನಲ್ಲಿ ಹೇಳುವ ಮಾತಲ್ಲ ಇದು. ನೀನು ಕೂಡಲೇ ಬಂದು ಕಣ್ಣು ತೋರಿಸಬೇಕು.

ಮುಖ ಸಿಂಡರಿಸಬೇಡ, ಓದು. ಅಪ್ಪನ ಗ್ಲಾಕೋಮಾ ನಮಗೂ ಬರಬಹುದು ಎಂದು ಡಾಕ್ಟರಮ್ಮ ಆವತ್ತೇ ಹೇಳಿದ್ದರು. ಕಣ್ಣೊಳಗೆ ನೀರು ಹುಟ್ಟುತ್ತಲೇ ಇರುತ್ತದೆ, ಅಂಚಿನ ಸಣ್ಣ ಸಂದಿಯಿಂದ ಹೊರಗೆ ಹೋಗುತ್ತಿರುತ್ತದೆ. ಸಂದಿ ಮುಚ್ಚಿಕೊಂಡರೆ ಒತ್ತಡ ಏರಿ ನರ ಸಾಯುತ್ತದೆ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಅಣ್ಣಾ, ಅಪ್ಪನನ್ನು ನೋಡಿದ್ದೀಯಲ್ಲ. ನನ್ನ ಮೆಷಿನ್ನು ಶಬ್ದದ ಅಲೆಗಳಿಂದ ಆ ಸಂದಿಯದೇ ಚಿತ್ರ ತೆಗೆಯುತ್ತದೆ. ಕಣ್ಣು ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಗಳ ನಡುವೆ ಪುಟ್ಟ ಬಟ್ಟಲು ಕೂರಿಸಿ, ನೀರು ತುಂಬಿ, ಅದರಲ್ಲಿ ಪೆನ್ನಿನಂಥ ಕಡ್ಡಿ ಆಡಿಸುತ್ತೇನೆ. ಹೋದ ವಾರ ಒಬ್ಬ ಟೈಲರಮ್ಮನ ಸಂದಿ ಮುಚ್ಚಿತ್ತು. ಲೇಸರಿನಲ್ಲಿ ದಾರಿ ಮಾಡಿಕೊಟ್ಟರು. ನಿನ್ನೆ ಮತ್ತೆ ಚಿತ್ರ ತೆಗೆದರೆ ಚೆನ್ನಾಗಿ ತೆರೆದುಕೊಂಡಿದೆ! ಆಯಮ್ಮ ಕುಣಿಯುವುದೊಂದು ಬಾಕಿ. "ಕಣ್ಣು ತೋರ್ಸಿದ್ರೆ ಲೈಸೆನ್ಸ್ ಕಿತ್ಕೋತಾರೆ" ಅನ್ನುವ ನಿನ್ನ ಹಳೇ ರಾಗ ಬೇಡ. ಮೊನ್ನೆ ಫೋನಿನಲ್ಲಿ, "ದೀಪದ ಸುತ್ತ ಬಣ್ಣಬಣ್ಣದ ಬಳೆ ಕಾಣ್ಸುತ್ತೆ ಕಣೇ, ಪುಕ್ಕಟೆ ಸಿನಿಮಾ" ಅಂತ ನಕ್ಕೆಯಲ್ಲ, ಅದು ನಗುವ ವಿಷಯವೇ ಪುಣ್ಯಾತ್ಮಾ? ಕಣ್ಣೊಳಗೆ ಒತ್ತಡ ಏರಿದಾಗ ಕಾಣುವ ಬಳೆ ಅದು. ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ನಿಮ್ಮ ಡಿಪೋದ ಕಂಡಕ್ಟರ್ ಈ ಕಾಗದವನ್ನು ಇವತ್ತೇ ನಿನಗೆ ತಲುಪಿಸಲೆಂದು ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿದ್ದಾನೆ. ಅತ್ತಿಗೆಗೆ ನಮಸ್ಕಾರ, ಪುಟ್ಟಿಗೆ ಎರಡು ಮುತ್ತು.

ನಿನ್ನ ತಂಗಿ,
ಗೂಬೆ

ತಾ.ಕ.: ಇದು ಮರೆತು ಬಿಟ್ಟಿದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಎಂಟು ತಿಂಗಳ ಹಿಂದೆ ನೀನು ಬಂದಿದ್ದಾಗ, ಹೊಸ ಮೆಷಿನ್ ಕಲಿಯಲೆಂದು ನಿನ್ನನ್ನೇ ಮಲಗಿಸಿ ಚಿತ್ರ ತೆಗೆದಿದ್ದೆ. "ನನ್ ಕಣ್ಣಲ್ಲಿ ಮೀನಿದ್ಯೇನೇ?" ಎಂದು ನೀನು ಕೇಳಿದೆ. ಆಗ ನನಗೆ ಚಿತ್ರ ಓದಲು ಬರುತ್ತಿರಲಿಲ್ಲ ಅಣ್ಣಾ. ಬರಲ್ಲ ಅನ್ನಲು ನಾಚಿಕೆಯಾಗಿ, "ಎಲ್ಲಾ ಸರಿಯಾಗಿದೆ ಹೋಗೋ" ಅಂದುಬಿಟ್ಟೆ. ಇವತ್ತು ಬೆಳಿಗ್ಗೆ ಅದನ್ನು ಹುಡುಕಿ ತೆಗೆದೆ, ಡಾಕ್ಟರಮ್ಮನೂ ನೋಡಿದರು. ಎರಡೂ ಕಣ್ಣಿನ ಸಂದಿ ಆಗಲೇ ಮುಚ್ಚುತ್ತಾ ಬಂದಿತ್ತು. ನನ್ನ ಮಾತು ನಂಬಿ ಎಂಟು ತಿಂಗಳು ಬಸ್ ಓಡಿಸಿದ್ದೀಯ. ನಾಳೆ ಬಸ್ ಮುಟ್ಟಬೇಡ. ನನಗೆ ಬೈಯಲಿಕ್ಕಾದರೂ ಬಾ.