ಹಿಂಬಾಗಿಲ ವಿಡಿಯೋ

ಮಾರ್ಚ್ ೧೪, ಭಾನುವಾರ

ಪ್ರೀತಿಯ ತಮ್ಮ,

ನೀನು, ನಿನ್ನ ಹೆಂಡತಿ, ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ದೇವರ ದಯೆಯಿಂದ ನಾನೂ ಓಡಾಡಿಕೊಂಡಿದ್ದೇನೆ. ನೀನು ಕಳಿಸಿದ ಕಂಬಳಿ ಬಂದು ಎಷ್ಟೋ ದಿನವಾಯಿತು, ಬಂತು ಎಂದು ಒಂದು ಮಾತು ಬರೆಯಲಿಲ್ಲ. ಬೇಸರ ಮಾಡಿಕೊಳ್ಳಬೇಡ. ದರ್ಜಿ ಅಂಗಡಿಯವನು ಶಾಲೆ ಮಕ್ಕಳ ಅಂಗಿಗಳನ್ನು ಗಂಟುಗಟ್ಟಲೆ ತಂದು ಸುರಿದಿದ್ದಾನೆ. ಕಾಜಾ ಹೊಲಿದು ಗುಂಡಿ ಹಾಕಿ ಏಳುವಷ್ಟರಲ್ಲಿ ಕಣ್ಣು ಉರಿಯುತ್ತಿರುತ್ತದೆ.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಾದರೆ ನೀನು "ಆಯ್ತಕ್ಕ, ಆಯ್ತಕ್ಕ" ಎನ್ನುತ್ತಲೇ ಇಟ್ಟುಬಿಡುತ್ತೀಯ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ನಿನ್ನನ್ನು ಎತ್ತಿ ಆಡಿಸಿದವಳು ಎಂಬ ಸಲುಗೆಯಿಂದ ಒಂದು ವಿಷಯ ಕೇಳಬೇಕಾಗಿದೆ. ಮೊದಲು ನಿನ್ನ ಉಪಕಾರವನ್ನು ಹೇಳಿಬಿಡುತ್ತೇನೆ.

ಹಾಸಿಗೆ ಕಾರ್ಖಾನೆಗೆ ಬೆಂಕಿ ಬಿದ್ದು, ಅಲ್ಲಿ ಕಾವಲಿಗಿದ್ದ ನಿನ್ನ ಭಾವ ಹೋದಮೇಲೆ ನಾನು ಅತ್ತುಕೊಂಡು ನಿನಗೆ ಫೋನು ಮಾಡಿದ್ದೆನಲ್ಲ, ಆ ದಿನ ಬಸ್ಸಿನಲ್ಲಿದ್ದೆ. ಮುಂದಿನ ಸೀಟಿನವನು ಕಡಲೆ ತಿನ್ನುತ್ತ ಫೋನು ನೋಡುತ್ತಿದ್ದ. ನಾನು ತಲೆ ಎತ್ತಲಿಲ್ಲ. ಕಣ್ಣಾದರೆ ಮುಚ್ಚಿಕೊಳ್ಳಬಹುದು, ಕಿವಿಯನ್ನು ಏನು ಮಾಡುವುದು? "ಈ ಕಡೆ ಬನ್ರಮ್ಮ, ಈ ಕಡೆ" ಎನ್ನುವ ನಿನ್ನ ಭಾವನ ದನಿ ಕೇಳಿಸಿತು. ಆಮೇಲೆ ಕಿರುಚಾಟ. ಮುಗಿದಮೇಲೆ ಅವನು ಮತ್ತೆ ಮೊದಲಿನಿಂದ ಹಾಕಿಕೊಂಡ. ನನ್ನ ನಿಲ್ದಾಣ ಇನ್ನೂ ದೂರವಿತ್ತು, ಅಲ್ಲೇ ಇಳಿದುಬಿಟ್ಟೆ.

ಎದುರು ಕಟ್ಟಡದ ಮಾಳಿಗೆಯಿಂದ ಯಾರೋ ತೆಗೆದ ಆ ವಿಡಿಯೋ ಊರೆಲ್ಲ ಸುತ್ತುತ್ತಿತ್ತು. ಅಂಥದ್ದನ್ನು ಮುಚ್ಚಿಸುವ ಇಲಾಖೆಯಲ್ಲೇ ಕೂತವನು ನೀನು. "ನಿನ್ನ ಕಾಲಿಗೆ ಬೀಳ್ತೀನಿ, ಅದನ್ನ ತೆಗೆಸು" ಎಂದೆ. "ಅಕ್ಕ, ಅಂಥ ಮಾತೆಲ್ಲ ಆಡ್ಬೇಡ" ಎಂದೆ ನೀನು. ಬೆಳಗಾಗುವಷ್ಟರಲ್ಲಿ ಅದು ಎಲ್ಲಿಯೂ ಇರಲಿಲ್ಲ. ಆ ದಿನ ದೇವರ ಮುಂದೆ ನಿನ್ನ ಹೆಸರು ಹೇಳಿ ಕೈಮುಗಿದೆ.

ಆದರೆ ಅದೊಂದೇ ಹೋಗಲಿಲ್ಲವಂತೆ ತಮ್ಮ. ಕಾರ್ಖಾನೆಯ ಹೆಸರಿದ್ದದ್ದೆಲ್ಲ ಹೋಯಿತಂತೆ. ಸತ್ತವರ ಮನೆಯವರು ಸೇರಿ ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿಕೊಂಡಿದ್ದರು. ಯಾರು ಯಾವ ಆಸ್ಪತ್ರೆಯಲ್ಲಿದ್ದಾರೆ, ಯಾರ ಗುರುತು ಇನ್ನೂ ಸಿಕ್ಕಿಲ್ಲ ಎಂದು ಅದರಲ್ಲಿ ಬರೆದುಕೊಳ್ಳುತ್ತಿದ್ದರು. ಅದನ್ನೂ ಮುಚ್ಚಿದರು. ಕೇಳಿದರೆ ಶಾಂತಿಗೆ ಭಂಗ ಎಂದರಂತೆ. ನನಗೆ ಇದನ್ನೆಲ್ಲ ಹೇಳಿದ್ದು ದಾರದಕ್ಕ. ನಿನಗೆ ಗೊತ್ತಿರಲಿಕ್ಕಿಲ್ಲ. ಕಾರ್ಖಾನೆಯಲ್ಲಿ ದಾರ ಸುತ್ತುತ್ತಿದ್ದವಳು, ಎಲ್ಲರೂ ಹಾಗೇ ಕರೆಯುತ್ತಾರೆ. ಆ ದಿನ ಅವಳಿಗೆ ಜ್ವರ. ಅವಳ ಬದಲು ಮಗಳು ಹೋಗಿದ್ದಳು. ಆ ಹುಡುಗಿ ತಿರುಗಿ ಬರಲಿಲ್ಲ.

ಹೋದ ವಾರ ದಾರದಕ್ಕ ನಮ್ಮ ಮನೆಗೆ ಬಂದಳು. ನಿನ್ನ ಭಾವನ ಅಕ್ಕನೂ ಇದ್ದರು, ನಾನು ದೊಡ್ಡಕ್ಕ ಎಂದು ಕರೆಯುವವರು. ಅಂಗಿಗಳ ಗಂಟನ್ನು ಗೋಡೆಗೆ ಸರಿಸಿ ಜಾಗ ಮಾಡಿಕೊಟ್ಟೆ.

"ತಂಗಿ, ವಿಚಾರಣೆಯಲ್ಲಿ ಕಾರ್ಖಾನೆಯವರು ಏನು ಹೇಳಿದಾರೆ ಗೊತ್ತಾ? ಹಿಂಬಾಗಿಲು ತೆರೆದೇ ಇತ್ತಂತೆ. ಕಾವಲುಗಾರ ಕರೀತಾನೂ ಇದ್ನಂತೆ. ಹೆಂಗಸರೇ ಗಾಬರಿ ಬಿದ್ದು ಉಲ್ಟಾ ಓಡಿದ್ರಂತೆ. ನನ್ನ ಮಗಳು ತಿಳಿಗೇಡಿತನದಿಂದ ಸತ್ತಳು ಅಂತ ಬರೀತಾರೆ ಕಣೇ. ಬಾಗಿಲಿಗೆ ಬೀಗ ಇತ್ತು. ಅದು ಕಾಣೋದು ಆ ವಿಡಿಯೋದಲ್ಲಿ ಮಾತ್ರ."

"ನಿನ್ನ ಹತ್ರ ಇದ್ರೆ ಕೊಡು, ವಿಚಾರಣೆಯವರಿಗೇ ಕೊಡು" ಎಂದರು ದೊಡ್ಡಕ್ಕ.

"ಕೊಟ್ಟೆ. ಸರ್ಕಾರ ಮುಚ್ಚಿರೋದನ್ನ ನಾವು ನೋಡೋ ಹಾಗಿಲ್ಲ, ನೀನು ಇಟ್ಕೊಂಡಿರೋದೇ ತಪ್ಪು ಅಂದ್ರು. ವಿಡಿಯೋ ಮಾಡಿದವನು ಹೆದರಿ ತನ್ನದನ್ನ ಅಳಿಸಿಹಾಕಿದಾನೆ. ಯಾಕೆ ಮುಚ್ಚಿದ್ರಿ ಅಂತ ಕೇಳೋಕೆ ಕಚೇರಿಗೆ ಹೋದ್ರೆ ಆ ಗುಮಾಸ್ತ ನನ್ನ ಕಂಡ ಕೂಡಲೇ ಊಟಕ್ಕೆ ಏಳ್ತಾನೆ. ಬಾಗಿಲು ತೆಗೆದ ತಕ್ಷಣ ಹೋದ್ರೂ ಊಟಕ್ಕೇ ಏಳ್ತಾನೆ. ಪುಣ್ಯಾತ್ಮನಿಗೆ ನನ್ನ ಮುಖ ನೋಡಿದ್ರೆ ಹಸಿವಾಗುತ್ತೋ ಏನೋ."

ನನಗೆ ನಗು ಬಂದುಬಿಟ್ಟಿತು. ದೊಡ್ಡಕ್ಕ ನಗಲಿಲ್ಲ.

"ಸತ್ತವನನ್ನ ಇನ್ನೆಷ್ಟು ಸಲ ಸುಡ್ತೀರಿ?" ಎಂದರು. "ನಿಮಗೆ ನ್ಯಾಯ ಬೇಕು ಅಂತ ನನ್ನ ತಮ್ಮ ಬೆಂಕಿಗೆ ಹೋಗೋದನ್ನ ಲೋಕವೆಲ್ಲ ಕೂತು ನೋಡ್ಬೇಕಾ? ಮುಚ್ಚಿದ್ದೇ ಒಳ್ಳೇದಾಯ್ತು."

ದಾರದಕ್ಕ ದೊಡ್ಡಕ್ಕನ ಕಡೆ ತಿರುಗಿದಳು. "ನಿಮ್ಮ ಸಂಕಟ ನನಗೆ ಗೊತ್ತಿಲ್ವಾ ಅಮ್ಮ? ನನ್ನ ಮಗಳ ಮುಖ ಅದ್ರಲ್ಲಿ ಕಾಣೋದೂ ಇಲ್ಲ. ಬಾಗಿಲು ಮಾತ್ರ ಕಾಣುತ್ತೆ. ನನಗೆ ಬಾಗಿಲಷ್ಟೇ ಸಾಕು" ಎಂದಳು.

ಇಬ್ಬರ ಮಾತೂ ನನ್ನ ಹೊಟ್ಟೆಯೊಳಗೇ ಕೂತಿತು ತಮ್ಮ. ದೊಡ್ಡಕ್ಕನದು ಸುಳ್ಳೆಂದು ಹೇಗೆ ಹೇಳಲಿ, ಅದು ನಾನೇ ನಿನಗೆ ಆಡಿದ ಮಾತು. ಸುಳ್ಳು ಸುದ್ದಿಯೊಂದು ಹಬ್ಬಿ ಒಂದು ಬೀದಿಯ ಅಂಗಡಿಗಳೆಲ್ಲ ಹೊತ್ತಿ ಉರಿದದ್ದನ್ನು ನೀನೇ ಹೇಳಿದ್ದೆ. "ನಾವು ಸ್ವಲ್ಪ ಬೇಗ ಮುಚ್ಚಿದ್ರೆ ಇಬ್ಬರು ಬದುಕ್ತಿದ್ರು ಅಕ್ಕ" ಎಂದಿದ್ದೆ ನೀನು. ನಾನು ಮರೆತಿಲ್ಲ. ಮಕ್ಕಳ ಕಣ್ಣಿಗೆ ಬೀಳಬಾರದ ಹೊಲಸನ್ನು ಮುಚ್ಚು, ನಾನೇ ಬಂದು ಬೀಗ ಹಿಡಿದುಕೊಂಡು ನಿಲ್ಲುತ್ತೇನೆ. ನಾನು ನಂಬಿದ ದೇವರು ಎಲ್ಲವನ್ನೂ ನೋಡುತ್ತಾನೆ, ಆದರೆ ನೋಡಿದ್ದನ್ನೆಲ್ಲ ಬಸ್ಸಿನಲ್ಲಿ ಕೂತು ತೋರಿಸುತ್ತ ಹೋಗುವುದಿಲ್ಲ.

ಆದರೂ ಒಂದು ಕೇಳುತ್ತೇನೆ. ಪಡಿತರ ಅಂಗಡಿ ಮುಚ್ಚಿದರೂ ಇಂಥ ಕಾರಣಕ್ಕೆ, ಇಂಥ ದಿನ ತೆರೆಯುತ್ತೇವೆ ಎಂದು ಬೋರ್ಡು ತೂಗುಹಾಕುತ್ತಾರೆ. ನೀವು ಮುಚ್ಚಿದ್ದಕ್ಕೆ ಬೋರ್ಡು ಎಲ್ಲಿದೆ? ಮುಚ್ಚಿದವರು ಯಾರು, ತಪ್ಪಾಗಿದ್ದರೆ ಯಾರನ್ನು ಕೇಳಬೇಕು? ನನಗೆ ತಮ್ಮನಿದ್ದ, ಒಂದು ಫೋನಿಗೆ ಕೆಲಸವಾಯಿತು. ದಾರದಕ್ಕನಿಗೆ ತಮ್ಮನಿಲ್ಲ. ಅವಳಿಗೆ ಊಟಕ್ಕೆ ಏಳುವ ಗುಮಾಸ್ತನೇ ಗತಿ. ನನ್ನ ಕಣ್ಣೀರು ಒರೆಸಲು ನೀನು ಹಾಕಿದ ಪರದೆಯ ಹಿಂದೆ ಕಾರ್ಖಾನೆಯವರು ಬಂದು ನಿಂತುಕೊಂಡಿದ್ದಾರೆ. ನಿನ್ನ ಭಾವನ ಫೋಟೋಗೆ ಕಟ್ಟು ಹಾಕಿಸಿ ಆಫೀಸಿನಲ್ಲಿ ತೂಗುಹಾಕಿ, ನೋಡಿ ಎಂಥ ಧೈರ್ಯವಂತ, ಬಾಗಿಲಲ್ಲಿ ನಿಂತು ಕರೆಯುತ್ತಿದ್ದ ಎಂದು ಬಂದವರಿಗೆಲ್ಲ ತೋರಿಸುತ್ತಾರಂತೆ.

ದೊಡ್ಡಕ್ಕ ಹೋದಮೇಲೆ ನಾನು ದಾರದಕ್ಕನ ಫೋನಿನಲ್ಲಿ ಅದನ್ನು ನೋಡಿದೆ. ಇಷ್ಟು ದಿನ ಹೆದರಿ ನೋಡದವಳು, ದೇವರನ್ನು ನೆನೆದುಕೊಂಡು ನೋಡಿದೆ. ಅವಳು ಹೇಳಿದ್ದು ನಿಜ. ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿದೆ.

ಅದನ್ನು ತೆರೆಸು ತಮ್ಮ. ಮುಚ್ಚು ಎಂದು ಅತ್ತವಳೂ ನಾನೇ, ತೆರೆ ಎನ್ನುವವಳೂ ನಾನೇ. ನಿನಗೆ ಮೇಲಿನವರಿಂದ ಮಾತು ಬರಬಹುದು, ನಿನ್ನ ಕೆಲಸಕ್ಕೇ ಕುತ್ತು ಬರಬಹುದು. ಅದನ್ನು ಯೋಚಿಸದೆ ಬರೆಯುತ್ತಿಲ್ಲ. ಸತ್ತವನ ಹೆಂಡತಿಯೇ ಕೇಳಿದ್ದಾಳೆ ಎಂದು ಈ ಕಾಗದವನ್ನು ಅವರ ಮುಂದಿಡು. ಊರೆಲ್ಲ ನೋಡುವುದು ಬೇಡ ಎಂದಾದರೆ ವಿಚಾರಣೆ ಮಾಡುವವರಾದರೂ ನೋಡಲಿ, ಸತ್ತವರ ಮನೆಯವರ ಎದುರಿಗೆ ಕೂತು ನೋಡಲಿ.

ಹೆಂಡತಿಗೆ ನಾನು ಕೇಳಿದೆನೆಂದು ತಿಳಿಸು. ದೊಡ್ಡವಳ ಕೆಮ್ಮು ಹೋಯಿತೇ? ಚಿಕ್ಕವನ ಅಂಗಿಯ ಅಳತೆ ಕಳಿಸು, ಹೊಲಿದಿಡುತ್ತೇನೆ. ನೀನು ಹಿಡಿದ ಕೆಲಸದಲ್ಲಿ ದೇವರು ನಿನ್ನ ಜೊತೆಗಿರಲಿ, ನಿನ್ನ ಮಕ್ಕಳ ನೆತ್ತಿಯ ಮೇಲೆ ಅವನ ಕೈಯಿರಲಿ.

ಇಂತಿ,
ನಿನ್ನ ಅಕ್ಕ

ಸಹಿ ಹಾಕಿದ ಮೇಲೆ:

ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ಹೇಳದೆ ಕಳಿಸಲು ಮನಸ್ಸು ಒಪ್ಪಲಿಲ್ಲ.

ಆ ಬೀಗದ ಕೈ ನಿನ್ನ ಭಾವನ ಹತ್ತಿರವೇ ಇತ್ತು. ವಿಡಿಯೋದ ಮೂಲೆಯಲ್ಲಿ ಅವರು ನಿಂತಿದ್ದಾರೆ. ಒಂದು ಕೈಯಲ್ಲಿ ಗೊಂಚಲು, ಇನ್ನೊಂದರಲ್ಲಿ ಫೋನು. ಒಳಗಿನಿಂದ ಬಾಗಿಲು ಬಡಿಯುತ್ತಿದ್ದಾರೆ. ಇವರು ಫೋನಿನಲ್ಲಿ ಯಾರಿಗೋ ಬಗ್ಗಿ ಬಗ್ಗಿ ಬೇಡಿಕೊಳ್ಳುತ್ತಿದ್ದಾರೆ, ಆದರೆ ತೆರೆಯುವುದಿಲ್ಲ. ನಾನು ಬೆಳಗಿನ ಪ್ರಾರ್ಥನೆಯನ್ನು ಪೂರ್ತಿ ಹೇಳಿ ಮುಗಿಸುವಷ್ಟು ಹೊತ್ತು ಅಪ್ಪಣೆಗೆ ಕಾದರು. ಆಮೇಲೆ ಫೋನನ್ನು ನೆಲಕ್ಕೆಸೆದು ಬೀಗ ತೆಗೆದರು, ಕೂಗುತ್ತ ಒಳಗೆ ಹೋದರು.

ಮುಚ್ಚುವ ಮೊದಲು ನೀನು ಇದನ್ನು ನೋಡಿಯೇ ಇರುತ್ತೀಯ. ನನ್ನ ಕಣ್ಣಿಗೆ ಬೀಳಬಾರದೆಂದೇ ಅಷ್ಟು ಅವಸರ ಮಾಡಿದೆ. ನಿನ್ನನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ.

ದಾರದಕ್ಕನಿಗೂ ಮೊದಲಿನಿಂದಲೇ ಗೊತ್ತಿತ್ತು. ಗೊತ್ತಿದ್ದೂ ನನ್ನ ಮನೆಗೆ ಬಂದು, ನಾನು ಕೊಟ್ಟ ನೀರು ಕುಡಿದು, ತಂಗಿ ಎಂದಳು. ತೋರಿಸುವಾಗ ಆ ಮೂಲೆಯ ಮೇಲೆ ಹೆಬ್ಬೆರಳು ಇಟ್ಟುಕೊಂಡಿದ್ದಳು. "ಬಾಗಿಲು ನೋಡು ತಂಗಿ, ಬಾಗಿಲು ಮಾತ್ರ ನೋಡು" ಎಂದಳು.

ಅವಳ ಬೆರಳನ್ನು ಸರಿಸಿದವಳು ನಾನೇ.