ಅಡಿಯಿಂದ ಎತ್ತಬೇಕು

ಜುಲೈ 8, ಮಂಗಳವಾರ

ಲಾಂಡ್ರಿಯಲ್ಲಿ ಇವತ್ತು ಎಂಬತ್ತು ಗಂಟು. ಚೀಟಿ ನಂಬರ್ ನೋಡಿ ಖಾನೆಗೆ ಹಾಕಿದ್ದೇ ಹಾಕಿದ್ದು. ಸೊಂಟ ಬಿದ್ದುಹೋಯ್ತು.

ಮನೆಗೆ ಬಂದರೆ ತಂಗಿ ಮುಖ ಊದಿಸಿಕೊಂಡು ಕೂತಿದ್ದಾಳೆ. ಒಂಬತ್ತನೇ ಕ್ಲಾಸ್. ಕಂಪ್ಯೂಟರ್ ಹೋಂವರ್ಕ್ — ಕಲಸಿಹೋದ ಎರಡಂಕಿ ನಂಬರ್‌ಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸೋ ಅಲ್ಗಾರಿದಮ್. ಅಂದ್ರೆ ಒಂದಾದ ಮೇಲೊಂದು ಏನು ಮಾಡಬೇಕು ಅಂತ ಬರೆಯೋದು. ಅಷ್ಟೇ ತಾನೇ? ನಮ್ಮ ಲಾಂಡ್ರಿ ದಾರಿ ಹೇಳಿಕೊಟ್ಟಿದ್ದೆ. ಮೊದಲು ಕೊನೇ ಅಂಕಿ ನೋಡಿ ಹತ್ತು ಖಾನೆಗೆ ಒಂದರ ಮೇಲೊಂದು ಹಾಕು. ಸೊನ್ನೆ ಖಾನೆಯಿಂದ ಸಾಲಾಗಿ ಎತ್ತಿಕೋ. ಆಮೇಲೆ ಮೊದಲ ಅಂಕಿ ನೋಡಿ ಮತ್ತೆ ಹಾಕು, ಮತ್ತೆ ಎತ್ತು. ಮುಗೀತು.

ಮೇಷ್ಟ್ರು ಹತ್ತಕ್ಕೆ ಸೊನ್ನೆ ಕೊಟ್ಟಿದ್ದಾರೆ. "ಯಾರಮ್ಮ ಹೇಳಿಕೊಟ್ಟಿದ್ದು ಈ ತಲೆಕೆಳಗಿನ ವಿದ್ಯೆ? ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ಟಳಲ್ಲ ನಿಮ್ಮಕ್ಕ, ಆ ಮಹಾತಾಯಿಯಾ?"

ಕ್ಲಾಸೆಲ್ಲ ನಕ್ಕಿತಂತೆ.

ಸ್ಕೂಲ್ ಬಿಟ್ಟೆ. ಹೌದು. ತಲೆ ಅಲ್ಲೇ ಬಿಟ್ಟು ಬಂದಿಲ್ಲ.

ಜುಲೈ 9

"ಅಕ್ಕಾ, ಬಿಡೇ. ಪುಸ್ತಕದಲ್ಲಿರೋದನ್ನೇ ಬರೆದುಕೊಡ್ತೀನಿ. ನಾಳೆ ಕೊಟ್ರೆ ಮಾರ್ಕ್ಸ್ ಹಾಕ್ತಾರಂತೆ."

"ಕಾಪಿ ಹೊಡೆದ್ರೆ ಕೈ ಮುರೀತೀನಿ."

"ಹಾಗಾದ್ರೆ ನೀನೇ ಬಂದು ಹೇಳು!"

ಹೋಗ್ತೀನಿ. ಹೆದರಿಕೆ ಯಾರಿಗೆ?

ಜುಲೈ 11, ಮಧ್ಯಾಹ್ನ 3

ನಿನ್ನೆ ಬರೆಯೋಕೆ ಆಗಲಿಲ್ಲ. ಅಷ್ಟು ಕೋಪ. ನನ್ನ ಮೇಲೇ.

ಇಪ್ಪತ್ತು ಹಳೇ ಚೀಟಿ ತಗೊಂಡು ತಂಗಿಯ ಕ್ಲಾಸಿಗೇ ಹೋಗಿದ್ದೆ. ಮೇಷ್ಟ್ರು ಮೇಜಿನ ಮೇಲೆ ಚಾಕಲ್ಲಿ ಹತ್ತು ಖಾನೆ ಎಳೆದರು. ತಂಗಿಯ ನೋಟ್‌ಬುಕ್ ಓದಿಕೊಂಡು ಅವರೇ ಹಾಕಿದರು, ಎತ್ತಿದರು. ಕೊನೆಗೆ ನೋಡಿದರೆ — 17 ಮೊದಲು, ಆಮೇಲೆ 12.

"ಕಂಡ್ಯಾ?"

"ಸಾರ್, ಮೇಲಿಂದ ಎತ್ತಿದ್ರಿ! ಅಡಿಯಿಂದ ಎತ್ತಬೇಕು. ಮೊದಲು ಹಾಕಿದ್ದು ಮೊದಲು."

"ಎಲ್ಲಿ ಬರೆದಿದೆ?"

ಬರೆದಿರಲಿಲ್ಲ. ನಾನು ಹೇಳಿದ್ದರೆ ತಾನೇ ಅವಳು ಬರೆಯೋದು? ಆರು ವರ್ಷದಿಂದ ಕೈ ತಾನಾಗೇ ಮಾಡ್ತಿದೆ. ಬಾಯಿಗೆ ಬಂದೇ ಇರಲಿಲ್ಲ.

"ಕಂಪ್ಯೂಟರ್‌ಗೆ ರೂಢಿ ಅಂತ ಇಲ್ಲಮ್ಮ. ಬರೆದಷ್ಟೇ ಮಾಡುತ್ತೆ."

ತಲೆ ತಗ್ಗಿಸಿ ಬರಬಹುದಿತ್ತು. ಬರಲಿಲ್ಲ. ಅವರ ಕೈಯಿಂದ ಚಾಕ್ ಕಿತ್ಕೊಂಡೆ. ಬೋರ್ಡ್ ಮೇಲೆ ಆ ಒಂದು ಸಾಲು ಬರೆದೆ. ಅಕ್ಷರ ಸೊಟ್ಟಪಟ್ಟ. ಇರಲಿ.

"ಈಗ ಮಾಡಿ."

ಮಾಡಿದರು. 12, 17, 42, 47... ಇಪ್ಪತ್ತೂ ಸಾಲಾಗಿ ಬಂದವು. ಒಬ್ಬರೂ ನಗಲಿಲ್ಲ.

ಸೊನ್ನೆ ಹೊಡೆದು ಎಂಟು ಹಾಕಿದರು.

"ಇನ್ನೆರಡು?"

"ಆ ಸಾಲು ಬಿಟ್ಟಿದ್ದಕ್ಕೆ ಕಟ್."

ನ್ಯಾಯವೇ. ಅವರಿಗೆ ಹೇಳಲಿಲ್ಲ.

ಜುಲೈ 15, ಬೆಳಿಗ್ಗೆ, ಅಂಗಡಿಯಲ್ಲಿ

ಮೇಷ್ಟ್ರು ತಂಗಿ ಹತ್ರ ಹೇಳಿ ಕಳಿಸಿದ್ದಾರೆ: "ಮೂರಂಕಿ ನಂಬರ್‌ಗೂ ಬರೆದುಕೊಡ್ತಾಳಾ ನಿಮ್ಮಕ್ಕ? ಕ್ಲಾಸಿಗೆ ಬೇಕಿತ್ತು."

ಕೊಡ್ತೀನಿ. ಆದರೆ ಕೆಳಗೆ ನನ್ನ ಹೆಸರಿರಬೇಕು. ಪಕ್ಕದಲ್ಲೇ "ಎಂಟನೇ ಕ್ಲಾಸ್" ಅಂತಲೂ ಇರಬೇಕು. ಮುಚ್ಚಿಡೋದೇನಿದೆ? ಈ ಸಲ ಒಂದೂ ಬಿಡಲ್ಲ.

1. ಚೀಟಿಯ ನಂಬರ್ ನಿನ್ನ ಕಡೆ ಇರಲಿ.
2. ಕೊನೇ ಅಂಕಿ ನೋಡು.
3. ಆ ಅಂಕಿಯ ಖಾನೆಗೆ, ಮೊದಲೇ ಇದ್ದದ್ದರ ಮೇಲೆ ಇಡು.

ಯಜಮಾನಿ ಕೂಗ್ತಿದ್ದಾಳೆ. ಕೂಗಲಿ.

4. ಎಲ್ಲಾ ಇಟ್ಟ ಮೇಲೆ, ಸೊನ್ನೆ ಖಾನೆಯಿಂದ ಶುರುಮಾಡಿ, ಅಡಿಯಿಂ—